ಪ್ರತಿರೋಧ ವ್ಯಾಯಾಮ

ಪ್ರತಿರೋಧ ವ್ಯಾಯಾಮವೆಂದರೆ ಸ್ನಾಯುಗಳು ಒಂದು ಎದುರು ಬಲಕ್ಕೆ ವಿರುದ್ಧವಾಗಿ ಕೆಲಸ ಮಾಡುವಂತೆ ರೂಪಿಸಿದ ವ್ಯಾಯಾಮ. ಎದುರು ಬಲವು ಕಬ್ಬಿಣದ ತೂಕವಾಗಿರಬಹುದು, ರಬ್ಬರ್ ಪಟ್ಟಿಯಾಗಿರಬಹುದು, ನೀರಾಗಿರಬಹುದು ಅಥವಾ ವ್ಯಾಯಾಮ ಮಾಡುವವರ ಸ್ವಂತ ದೇಹದ ಭಾರವೇ ಆಗಿರಬಹುದು. ಭಾರ ಎತ್ತುವುದು, ದಂಡ ಹೊಡೆಯುವುದು, ಬಸ್ಕಿ ತೆಗೆಯುವುದು, ಕುರ್ಚಿಯಿಂದ ಕೈಯೂರದೆ ಏಳುವುದು ಇವೆಲ್ಲವೂ ಈ ವರ್ಗಕ್ಕೆ ಸೇರುತ್ತವೆ. ಇದನ್ನು ಭಾರ ತರಬೇತಿ, ಬಲವರ್ಧನ ವ್ಯಾಯಾಮ ಎಂದೂ ಕರೆಯುವರು. ಆಡುಮಾತಿನಲ್ಲಿ ‘ಜಿಮ್ ಮಾಡುವುದು’ ಎಂಬ ಮಾತು ಬಹುಮಟ್ಟಿಗೆ ಇದನ್ನೇ ಸೂಚಿಸುತ್ತದೆ.

ಈ ವ್ಯಾಯಾಮವು ಮೈಕಟ್ಟು ಬೆಳೆಸಿಕೊಳ್ಳುವ ಯುವಕರಿಗೆ ಮಾತ್ರ ಸಂಬಂಧಿಸಿದ್ದೆಂಬ ಭಾವನೆ ಬಹುಕಾಲ ಪ್ರಚಲಿತವಾಗಿತ್ತು. ಆದರೆ ಒಲಿಂಪಿಕ್ ಕ್ರೀಡಾಪಟು, ಎಂಬತ್ತರ ವೃದ್ಧೆ ಮತ್ತು ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿರುವ ರೋಗಿ ಈ ಮೂವರ ದೇಹದಲ್ಲಿಯೂ ಸ್ನಾಯು ಬಲಗೊಳ್ಳುವ ನಿಯಮ ಒಂದೇ ಆಗಿದೆ. ಅವರವರ ಶಕ್ತಿಗೆ ತಕ್ಕ ಭಾರದಿಂದ ಆರಂಭಿಸಿ ಅದನ್ನು ಕ್ರಮಕ್ರಮವಾಗಿ ಹೆಚ್ಚಿಸಬೇಕೆಂಬುದೇ ಆ ನಿಯಮ. ವ್ಯತ್ಯಾಸವಿರುವುದು ಆರಂಭದ ಭಾರದಲ್ಲಿ, ಏರಿಕೆಯ ವೇಗದಲ್ಲಿ ಮತ್ತು ವಹಿಸಬೇಕಾದ ಎಚ್ಚರಿಕೆಯಲ್ಲಿ.

ಇತಿಹಾಸ

ಕರ್ನಾಟಕದಲ್ಲಿ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಅದರಲ್ಲಿ ಜಟ್ಟಿಗಳ ವರ್ಗೀಕರಣ, ಅವರ ಆಹಾರ ಮತ್ತು ಅಭ್ಯಾಸಕ್ರಮಗಳ ವಿವರಣೆಯಿದೆ. ಭಾರವನ್ನು ಬಳಸುವ ‘ಭಾರಶ್ರಮ’, ಕಂಬವನ್ನು ಆಶ್ರಯಿಸಿದ ‘ಸ್ತಂಭಶ್ರಮ’ಗಳನ್ನು ಅದು ಹೆಸರಿಸುತ್ತದೆ. ಬಲವನ್ನು ಅಭ್ಯಾಸದಿಂದ ಸಂಪಾದಿಸಬಹುದು, ಅದಕ್ಕೆ ತಕ್ಕ ಆಹಾರ ಬೇಕು ಎಂಬ ತಿಳಿವಳಿಕೆ ಈ ನಾಡಿನಲ್ಲಿ ಎಷ್ಟು ಹಳೆಯದೆಂಬುದಕ್ಕೆ ಇದು ಸಾಕ್ಷಿ.

ಈ ಪರಂಪರೆಯನ್ನು ಮುಂದುವರಿಸಿದವು ಗರಡಿಮನೆಗಳು. ಮೈಸೂರಿನ ಒಡೆಯರ ಆಶ್ರಯದಲ್ಲಿ ಕುಸ್ತಿಯೂ ಜಟ್ಟಿಗಳ ವಜ್ರಮುಷ್ಟಿ ಕಾಳಗವೂ ದಸರೆಯ ಭಾಗವಾಗಿ ಬೆಳೆದವು. ಬೆಂಗಳೂರಿನ ಹಳೆಯ ಪೇಟೆಯಲ್ಲಿಯೂ ಗರಡಿಗಳಿದ್ದು, ಕರಗದ ವೀರಕುಮಾರರಿಗೂ ಅವುಗಳಿಗೂ ನಿಕಟ ಸಂಬಂಧವಿದೆ. ಕೆಮ್ಮಣ್ಣಿನ ಅಖಾಡ, ದಂಡ, ಬಸ್ಕಿ, ಗದೆ, ಮರದ ಕೊರಡು, ಕಲ್ಲುಗುಂಡು ಇವು ಗರಡಿಯ ಸಾಮಗ್ರಿ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆ ಇಂದಿಗೂ ನಡೆಯುತ್ತದೆ. ಗರಡಿಯಲ್ಲಿ ಹೊಸಬನಿಗೆ ದೊಡ್ಡ ಗದೆಯನ್ನು ಕೊಡುವ ವಾಡಿಕೆಯಿಲ್ಲ. ಮೊದಲು ಬರಿಗೈಯ ಸಾಮು, ಅನಂತರ ಹಗುರವಾದ ಉಪಕರಣ, ಬಳಿಕ ಭಾರವಾದದ್ದು ಎಂಬ ಕ್ರಮವನ್ನು ಉಸ್ತಾದರು ಪಾಲಿಸುತ್ತಾರೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಗರಡಿಯ ಸಾಮನ್ನೂ ಪಾಶ್ಚಾತ್ಯ ಭಾರ ತರಬೇತಿಯನ್ನೂ ಬೆಸೆದವರಲ್ಲಿ ಪ್ರಮುಖರು ಬೆಂಗಳೂರಿನ ಕೆ. ವಿ. ಅಯ್ಯರ್. ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತರಾದ ಇವರು ವೃತ್ತಿಯಿಂದ ವ್ಯಾಯಾಮ ಶಿಕ್ಷಕರು. ಹರ್ಕ್ಯುಲಿಸ್ ಜಿಮ್ನಾಷಿಯಂ ಎಂಬ ವ್ಯಾಯಾಮಶಾಲೆಯನ್ನು ನಡೆಸಿದರು, ಅಂಚೆಯ ಮೂಲಕ ದೂರದ ಶಿಷ್ಯರಿಗೂ ಪಾಠ ಹೇಳಿದರು, ಅಂಗಸಾಧನೆಯ ಬಗೆಗೆ ಇಂಗ್ಲಿಷಿನಲ್ಲಿ ಹಲವು ಪುಸ್ತಕಗಳನ್ನು ಬರೆದರು. ಬಾರ್ಬೆಲ್ಲಿನ ಜೊತೆಗೆ ಸೂರ್ಯನಮಸ್ಕಾರ ಮತ್ತು ಆಸನಗಳನ್ನೂ ಕಲಿಸಿದ್ದು ಅವರ ವೈಶಿಷ್ಟ್ಯ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯುತ್ತಿದ್ದ ಕಾಲದಲ್ಲಿಯೇ ಅಯ್ಯರ್ ಅವರ ಶಿಷ್ಯರೊಬ್ಬರು ಅಲ್ಲಿ ವ್ಯಾಯಾಮ ತರಗತಿಯನ್ನು ನಡೆಸುತ್ತಿದ್ದರು. ಯೋಗ ಮತ್ತು ಭಾರ ತರಬೇತಿ ಪರಸ್ಪರ ವಿರುದ್ಧವೆಂಬ ಇಂದಿನ ಕಲ್ಪನೆಗೆ ಅಂದಿನ ಮೈಸೂರು ಸಂಸ್ಥಾನದಲ್ಲಿ ಆಧಾರವಿರಲಿಲ್ಲ.

ಆಸ್ಪತ್ರೆಯ ಪ್ರವೇಶ

ಭಾರವನ್ನು ಕ್ರಮವಾಗಿ ಏರಿಸುವ ವಿಧಾನವನ್ನು ವೈದ್ಯಕೀಯ ಚಿಕಿತ್ಸೆಯಾಗಿ ರೂಪಿಸಿದವರು ಅಮೆರಿಕದ ಸೈನ್ಯದ ವೈದ್ಯ ಥಾಮಸ್ ಡಿಲಾರ್ಮ್. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಗಾಯಗೊಂಡ ಸೈನಿಕರು ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಅವರ ದುರ್ಬಲವಾದ ಕಾಲುಗಳಿಗೆ ಹಗುರ ಚಲನೆಯನ್ನು ಅನೇಕ ಬಾರಿ ಮಾಡಿಸುವುದು ಅಂದಿನ ರೂಢಿ. ಡಿಲಾರ್ಮ್ ಇದಕ್ಕೆ ಬದಲಾಗಿ ಭಾರವನ್ನು ಹೆಚ್ಚಿಸಿ, ಎತ್ತುವ ಸಂಖ್ಯೆಯನ್ನು ತಗ್ಗಿಸಿದರು. ೧೯೪೫ರಲ್ಲಿ ಅವರು ಈ ಅನುಭವವನ್ನು ಪ್ರಕಟಿಸಿದರು. ಬಳಿಕ ಆರ್ಥರ್ ವಾಟ್ಕಿನ್ಸ್ ಅವರೊಡನೆ ಸೇರಿ ರೂಪಿಸಿದ ಪದ್ಧತಿ ಇಂದಿಗೂ ಭೌತಚಿಕಿತ್ಸೆಯ ಪಠ್ಯಗಳಲ್ಲಿದೆ. ಹತ್ತು ಬಾರಿ ಮಾತ್ರ ಎತ್ತಲು ಸಾಧ್ಯವಾಗುವ ಭಾರವನ್ನು ಮೊದಲು ಗುರುತಿಸಬೇಕು. ಅದರ ಅರ್ಧದಷ್ಟನ್ನು ಹತ್ತು ಬಾರಿ, ಮುಕ್ಕಾಲು ಭಾಗವನ್ನು ಹತ್ತು ಬಾರಿ, ಕೊನೆಗೆ ಪೂರ್ಣ ಭಾರವನ್ನು ಹತ್ತು ಬಾರಿ ಎತ್ತಿಸಬೇಕು.

ದೇಹದಲ್ಲಾಗುವ ಬದಲಾವಣೆಗಳು

ತರಬೇತಿಯ ಮೊದಲ ಕೆಲವು ವಾರಗಳಲ್ಲಿ ಸ್ನಾಯುವಿನ ಗಾತ್ರ ಹೆಚ್ಚಾಗಿ ಬದಲಾಗುವುದಿಲ್ಲ, ಆದರೂ ಬಲ ಏರುತ್ತದೆ. ಮೆದುಳು ಮತ್ತು ನರಗಳು ಹೆಚ್ಚು ಸ್ನಾಯುತಂತುಗಳನ್ನು ಒಟ್ಟಿಗೆ ಕೆಲಸಕ್ಕೆ ತೊಡಗಿಸಲು ಕಲಿಯುವುದೇ ಇದಕ್ಕೆ ಕಾರಣ. ಅನಂತರ ತಂತುಗಳಲ್ಲಿ ಪ್ರೋಟೀನ್ ಸಂಗ್ರಹವಾಗಿ ಅವು ದಪ್ಪಗಾಗುತ್ತವೆ. ಸ್ನಾಯು ಬೆಳೆಯುವುದು ವ್ಯಾಯಾಮದ ಹೊತ್ತಿನಲ್ಲಲ್ಲ, ಅನಂತರದ ವಿಶ್ರಾಂತಿಯಲ್ಲಿ. ಆದ್ದರಿಂದ ಒಂದೇ ಸ್ನಾಯುಗುಂಪಿಗೆ ತೀವ್ರ ವ್ಯಾಯಾಮ ಕೊಟ್ಟ ಬಳಿಕ ಸಾಮಾನ್ಯವಾಗಿ ೪೮ ಗಂಟೆಗಳ ಬಿಡುವನ್ನು ಸೂಚಿಸಲಾಗುತ್ತದೆ.

ಸ್ನಾಯುಗಳ ಸೆಳೆತವು ಮೂಳೆಗಳ ಮೇಲೂ ಒತ್ತಡ ಹಾಕುವುದರಿಂದ ಮೂಳೆಯ ಸಾಂದ್ರತೆ ಉಳಿಯಲು ನೆರವಾಗುತ್ತದೆ. ಊಟದ ಬಳಿಕ ರಕ್ತದಲ್ಲಿ ಸೇರುವ ಸಕ್ಕರೆಯ ಬಹುಭಾಗವನ್ನು ಹೀರಿಕೊಳ್ಳುವುದು ಸ್ನಾಯುಗಳೇ. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್‌ನ ನೆರವಿಲ್ಲದೆಯೂ ಸಕ್ಕರೆಯನ್ನು ಒಳಗೆಳೆದುಕೊಳ್ಳಬಲ್ಲದು. ಆದ್ದರಿಂದ ಸ್ನಾಯುವಿನ ನಷ್ಟವು ಕೇವಲ ಬಲದ ನಷ್ಟವಲ್ಲ.

ಮೂಲತತ್ತ್ವಗಳು

ಕ್ರಮಾಗತ ಭಾರ: ದೇಹವು ತನಗೆ ರೂಢಿಯಾದ ಭಾರಕ್ಕೆ ಹೊಂದಿಕೊಂಡು ನಿಲ್ಲುತ್ತದೆ. ನಿಗದಿತ ಸಂಖ್ಯೆಗಿಂತ ಒಂದೆರಡು ಬಾರಿ ಹೆಚ್ಚು ಎತ್ತಲು ಸುಲಭವಾದಾಗ ಭಾರವನ್ನು ಶೇ. ೨ರಿಂದ ೧೦ರಷ್ಟು ಹೆಚ್ಚಿಸುವುದು ಅಂಗೀಕೃತ ಕ್ರಮ.

ನಿರ್ದಿಷ್ಟತೆ: ಯಾವ ಚಲನೆಯನ್ನು ಅಭ್ಯಾಸ ಮಾಡಲಾಗುವುದೋ ಆ ಚಲನೆಯೇ ಹೆಚ್ಚು ಸುಧಾರಿಸುತ್ತದೆ. ಮೆಟ್ಟಿಲು ಹತ್ತಲು ಕಷ್ಟಪಡುವವರಿಗೆ ತೋಳಿನ ವ್ಯಾಯಾಮ ಮಾತ್ರ ಸಾಲದು.

ಹಿಮ್ಮರಳಿಕೆ: ಅಭ್ಯಾಸ ನಿಂತರೆ ಗಳಿಸಿದ ಬಲ ಕ್ರಮೇಣ ಇಳಿಯುತ್ತದೆ. ಹಾಸಿಗೆ ಹಿಡಿದ ಹಿರಿಯರಲ್ಲಿ ಈ ಇಳಿಕೆ ಬಹಳ ಶೀಘ್ರ.

ಪ್ರಮಾಣ: ಒಬ್ಬರು ಒಂದೇ ಬಾರಿ ಎತ್ತಬಲ್ಲ ಗರಿಷ್ಠ ಭಾರವನ್ನು ಅಳತೆಗೋಲಾಗಿ ಇಟ್ಟುಕೊಳ್ಳಲಾಗುತ್ತದೆ. ಹೊಸಬರು ಅದರ ಶೇ. ೬೦–೭೦ರಷ್ಟನ್ನು ೮–೧೨ ಬಾರಿ ಎತ್ತುವುದು ವಾಡಿಕೆ. ಗರಿಷ್ಠ ಬಲವನ್ನು ಬಯಸುವ ಅನುಭವಿ ಕ್ರೀಡಾಪಟುಗಳು ಶೇ. ೮೦ಕ್ಕೂ ಮೀರಿದ ಭಾರವನ್ನು ಕೆಲವೇ ಬಾರಿ ಎತ್ತುತ್ತಾರೆ. ಹಿರಿಯರೂ ರೋಗಿಗಳೂ ಹಗುರ ಭಾರವನ್ನು ೧೦–೧೫ ಬಾರಿ ಎತ್ತುವುದರಿಂದ ಆರಂಭಿಸುತ್ತಾರೆ. ಗರಿಷ್ಠ ಭಾರದ ಪರೀಕ್ಷೆ ಇವರಿಗೆ ಅಗತ್ಯವಿಲ್ಲ. ಕೊನೆಯ ಎರಡು ಮೂರು ಬಾರಿ ಪ್ರಯಾಸವೆನಿಸಿದರೂ ಭಂಗಿ ಕೆಡದಂತಿದ್ದರೆ ಭಾರ ಸರಿಯಾಗಿದೆ ಎಂದು ತಿಳಿಯಬಹುದು.

ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರ ಮಾರ್ಗಸೂಚಿಯಲ್ಲಿ ಎಲ್ಲ ವಯಸ್ಕರೂ ವಾರಕ್ಕೆ ಕನಿಷ್ಠ ಎರಡು ದಿನ ಪ್ರಮುಖ ಸ್ನಾಯುಗುಂಪುಗಳಿಗೆ ಬಲವರ್ಧನ ವ್ಯಾಯಾಮ ಮಾಡಬೇಕೆಂದು ಸೂಚಿಸಿದೆ. ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ನಡಿಗೆಯಂತಹ ಸಾಧಾರಣ ಶ್ರಮದ ಜೊತೆಗೆ ಇದು ನಡೆಯಬೇಕೇ ಹೊರತು ಅದಕ್ಕೆ ಬದಲಾಗಿ ಅಲ್ಲ.

ಕ್ರೀಡಾಪಟುಗಳಲ್ಲಿ

ಕ್ರೀಡಾಪಟುವಿಗೆ ಬಲದ ತರಬೇತಿಯ ಉದ್ದೇಶಗಳು ಎರಡು: ಸಾಮರ್ಥ್ಯವನ್ನು ಹೆಚ್ಚಿಸುವುದು ಮತ್ತು ಗಾಯವನ್ನು ತಡೆಯುವುದು. ಓಟದ ಆಟಗಳಲ್ಲಿ ತೊಡೆಯ ಹಿಂಭಾಗದ ಸ್ನಾಯು ಹರಿಯುವುದು ಸಾಮಾನ್ಯ. ಮಂಡಿಯೂರಿ, ಪಾದಗಳನ್ನು ಹಿಡಿಸಿಕೊಂಡು, ದೇಹವನ್ನು ನಿಧಾನವಾಗಿ ಮುಂದಕ್ಕೆ ಇಳಿಸುವ ‘ನಾರ್ಡಿಕ್’ ವ್ಯಾಯಾಮವು ಈ ಗಾಯಗಳನ್ನು ಸುಮಾರು ಅರ್ಧದಷ್ಟು ತಗ್ಗಿಸುತ್ತದೆಂದು ಅಧ್ಯಯನಗಳು ತೋರಿಸಿವೆ.

ಪಶ್ಚಿಮ ಬೆಂಗಳೂರಿನಲ್ಲಿ, ಕೆಂಗೇರಿಗೆ ಸಮೀಪದ ಜ್ಞಾನಭಾರತಿ ಆವರಣದಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವು ದೇಶದ ಪ್ರಮುಖ ತರಬೇತಿ ತಾಣಗಳಲ್ಲೊಂದು. ರಾಷ್ಟ್ರೀಯ ಹಾಕಿ ತಂಡಗಳ ಶಿಬಿರಗಳು ಹೆಚ್ಚಾಗಿ ಇಲ್ಲಿಯೇ ನಡೆಯುತ್ತವೆ. ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಕಂಚು ಗೆದ್ದ ಪುರುಷರ ತಂಡ ಇಲ್ಲಿ ದೀರ್ಘಕಾಲ ತಯಾರಿ ನಡೆಸಿತ್ತು. ಆಧುನಿಕ ಹಾಕಿಯಲ್ಲಿ ಆಟಗಾರರು ಬಗ್ಗಿದ ಭಂಗಿಯಲ್ಲಿಯೇ ಪದೇ ಪದೇ ವೇಗವಾಗಿ ಓಡಿ ಥಟ್ಟನೆ ನಿಲ್ಲಬೇಕಾಗುತ್ತದೆ. ಇದಕ್ಕೆ ಸೊಂಟ, ತೊಡೆ ಮತ್ತು ಬೆನ್ನಿನ ಬಲ ಅನಿವಾರ್ಯ.

ಭಾರ ಎತ್ತುವುದೇ ಕ್ರೀಡೆಯಾದ ವೇಟ್‌ಲಿಫ್ಟಿಂಗ್‌ನಲ್ಲಿ ಕುಂದಾಪುರದ ಗುರುರಾಜ ಪೂಜಾರಿ ಕರ್ನಾಟಕಕ್ಕೆ ಹೆಸರು ತಂದಿದ್ದಾರೆ. ೨೦೧೮ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ ೫೬ ಕೆ.ಜಿ. ವಿಭಾಗದಲ್ಲಿ ಒಟ್ಟು ೨೪೯ ಕೆ.ಜಿ. ಎತ್ತಿ ಬೆಳ್ಳಿಯನ್ನೂ, ೨೦೨೨ರ ಬರ್ಮಿಂಗ್‌ಹ್ಯಾಮ್ ಕೂಟದ ೬೧ ಕೆ.ಜಿ. ವಿಭಾಗದಲ್ಲಿ ಒಟ್ಟು ೨೬೯ ಕೆ.ಜಿ. ಎತ್ತಿ ಕಂಚನ್ನೂ ಪಡೆದರು. ಎರಡು ಪದಕಗಳ ನಡುವಿನ ನಾಲ್ಕು ವರ್ಷಗಳಲ್ಲಿ, ತೂಕದ ವಿಭಾಗ ಬದಲಾದರೂ, ಹೆಚ್ಚಳವಾದದ್ದು ೨೦ ಕೆ.ಜಿ. ಮಾತ್ರ. ಉನ್ನತ ಮಟ್ಟದಲ್ಲಿ ಏರಿಕೆ ಎಷ್ಟು ನಿಧಾನವೆಂಬುದನ್ನು ಇದರಿಂದ ಅರಿಯಬಹುದು. ಪೋಲಿಯೊಪೀಡಿತರಾಗಿದ್ದ ಬೆಂಗಳೂರಿನ ಫರ್ಮಾನ್ ಬಾಷಾ ಮಲಗಿ ಭಾರ ಎತ್ತುವ ಪ್ಯಾರಾ ಪವರ್‌ಲಿಫ್ಟಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸಿ ಅರ್ಜುನ ಪ್ರಶಸ್ತಿ ಪಡೆದರು. ಕಾಲುಗಳ ಬಲ ಕುಂದಿದವರಿಗೆ ತೋಳು ಮತ್ತು ಎದೆಯ ಬಲವೇ ಗಾಲಿಕುರ್ಚಿಯಿಂದ ಹಾಸಿಗೆಗೆ ಸ್ವತಂತ್ರವಾಗಿ ಸಾಗುವ ಸಾಧನವೂ ಹೌದು.

ಹಿರಿಯ ನಾಗರಿಕರಲ್ಲಿ

ಮೂವತ್ತು ದಾಟಿದ ಬಳಿಕ ಸ್ನಾಯುವಿನ ಪ್ರಮಾಣ ನಿಧಾನವಾಗಿ ಕುಗ್ಗತೊಡಗುತ್ತದೆ. ಅರವತ್ತರ ಅನಂತರ ಈ ಕುಗ್ಗುವಿಕೆ ಹೆಚ್ಚುತ್ತದೆ. ಗಾತ್ರಕ್ಕಿಂತಲೂ ಬಲ ಬೇಗ ಇಳಿಯುತ್ತದೆ. ಥಟ್ಟನೆ ಕೆಲಸ ಮಾಡುವ ವೇಗದ ತಂತುಗಳು ಹೆಚ್ಚಾಗಿ ನಶಿಸುವುದರಿಂದ, ಎಡವಿದಾಗ ಕಾಲನ್ನು ಮುಂದಿಟ್ಟು ಸಾವರಿಸಿಕೊಳ್ಳುವ ಶಕ್ತಿ ಕುಂದುತ್ತದೆ. ವಯಸ್ಸಿನಿಂದಾಗುವ ಈ ಸ್ನಾಯುಕ್ಷಯಕ್ಕೆ ೧೯೮೯ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ‘ಸಾರ್ಕೊಪೀನಿಯಾ’ ಎಂಬ ಹೆಸರನ್ನು ಸೂಚಿಸಿದರು.

ನಿತ್ಯ ಜೀವನದಲ್ಲಿ ಇದರ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ. ನೆಲದ ಮೇಲೆ ಕುಳಿತು ಊಟ ಮಾಡುವುದು ನಿಲ್ಲುತ್ತದೆ. ಬಿಎಂಟಿಸಿ ಬಸ್ಸಿನ ಮೆಟ್ಟಿಲು ಎತ್ತರವೆನಿಸುತ್ತದೆ. ಶೌಚಾಲಯದಲ್ಲಿ ಏಳಲು ಗೋಡೆಯನ್ನು ಹಿಡಿಯಬೇಕಾಗುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಂತಹ ಹಳೆಯ ಬಡಾವಣೆಗಳಲ್ಲಿ ನೆಲಮಹಡಿಯನ್ನು ಬಾಡಿಗೆಗೆ ಕೊಟ್ಟು ಮೇಲಿನ ಮಹಡಿಯಲ್ಲಿ ವಾಸಿಸುವ ವೃದ್ಧ ದಂಪತಿಗಳಿಗೆ ಮೆಟ್ಟಿಲು ಹತ್ತಲಾಗದಿದ್ದರೆ ಮನೆಯೇ ಸೆರೆಮನೆಯಾಗುತ್ತದೆ. ಬಿದ್ದು ಸೊಂಟದ ಮೂಳೆ ಮುರಿದರೆ ಅನೇಕರು ಹಿಂದಿನ ಚಟುವಟಿಕೆಗೆ ಮರಳುವುದಿಲ್ಲ.

ಈ ಸ್ಥಿತಿ ಸಂಪೂರ್ಣ ಅನಿವಾರ್ಯವಲ್ಲವೆಂಬುದನ್ನು ತೋರಿಸಿದ ಪ್ರಸಿದ್ಧ ಅಧ್ಯಯನ ೧೯೯೦ರಲ್ಲಿ ಪ್ರಕಟವಾಯಿತು. ಅಮೆರಿಕದ ಬಾಸ್ಟನ್ನಿನ ಒಂದು ವೃದ್ಧಾಶ್ರಯದಲ್ಲಿ, ಸರಾಸರಿ ೯೦ ವರ್ಷ ವಯಸ್ಸಿನ ಹತ್ತು ಮಂದಿಗೆ ಮರಿಯಾ ಫಿಯಟರೋನ್ ಮತ್ತು ಸಂಗಡಿಗರು ಎಂಟು ವಾರ ತೊಡೆಯ ಬಲದ ತರಬೇತಿ ಕೊಟ್ಟರು. ಅಭ್ಯಾಸವನ್ನು ಪೂರೈಸಿದವರ ಬಲ ಸರಾಸರಿ ಶೇ. ೧೭೪ರಷ್ಟು ಹೆಚ್ಚಿತು. ೧೯೯೪ರಲ್ಲಿ ನೂರು ಮಂದಿ ವೃದ್ಧರ ಮೇಲೆ ಹತ್ತು ವಾರ ನಡೆಸಿದ ದೊಡ್ಡ ಪ್ರಯೋಗವೂ ಇದನ್ನು ಸಮರ್ಥಿಸಿತು. ಬಲ ಗಳಿಸಲು ವಯಸ್ಸಿನ ಗಡಿಯಿಲ್ಲವೆಂಬುದು ಇಲ್ಲಿಂದ ಮುಂದೆ ವೈದ್ಯಲೋಕದಲ್ಲಿ ಸ್ವೀಕೃತವಾಯಿತು.

ಮನೆಯಲ್ಲಿಯೇ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಬಾರಿ ಎದ್ದು ಕೂರಬೇಕು. ಇದಕ್ಕೆ ೧೨ ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿದರೆ ದೈಹಿಕ ಸಾಮರ್ಥ್ಯ ಕುಂದಿರಬಹುದೆಂದು ಏಷ್ಯಾದ ತಜ್ಞರ ಗುಂಪು ೨೦೧೯ರಲ್ಲಿ ಸೂಚಿಸಿದೆ. ಪರೀಕ್ಷಿಸುವಾಗ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಪಕ್ಕದಲ್ಲಿ ಒಬ್ಬರು ನಿಂತಿರಬೇಕು.

ಆರಂಭಿಕ ಅಭ್ಯಾಸಕ್ಕೆ ಈ ಐದು ಚಲನೆಗಳು ಸಾಕು: ಕುರ್ಚಿಯಿಂದ ಏಳುವುದು, ಗೋಡೆಗೆ ಕೈಯೂರಿ ದಂಡ ಮಾಡುವುದು, ಮೇಜನ್ನು ಹಿಡಿದು ಹಿಮ್ಮಡಿ ಎತ್ತುವುದು, ರಬ್ಬರ್ ಪಟ್ಟಿಯನ್ನು ಎದೆಯ ಕಡೆಗೆ ಎಳೆಯುವುದು, ಒಂದು ಲೀಟರ್ ನೀರಿನ ಬಾಟಲಿಯನ್ನು ಭುಜದೆತ್ತರಕ್ಕೆ ಎತ್ತುವುದು. ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಸೇರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ಅನೇಕ ಉದ್ಯಾನಗಳಲ್ಲಿ ಪಾಲಿಕೆ ಅಳವಡಿಸಿರುವ ಬಯಲು ಜಿಮ್ ಉಪಕರಣಗಳು ಕೀಲುಗಳ ಚಲನೆಗೆ ಉಪಯುಕ್ತ. ಆದರೆ ಗಾಳಿಯಲ್ಲಿ ಕಾಲಾಡಿಸುವಂತಹ ಉಪಕರಣಗಳಲ್ಲಿ ಪ್ರತಿರೋಧ ಅತ್ಯಲ್ಪ, ಭಾರವನ್ನು ಹೆಚ್ಚಿಸುವ ಏರ್ಪಾಡೂ ಇರುವುದಿಲ್ಲ. ಬಲ ಹೆಚ್ಚಬೇಕಾದರೆ ಅವುಗಳ ಜೊತೆಗೆ ಮೇಲಿನ ಅಭ್ಯಾಸಗಳೂ ಬೇಕು.

ರೋಗಿಗಳಲ್ಲಿ

ಮಧುಮೇಹ: ೨೦೦೭ರಲ್ಲಿ ಪ್ರಕಟವಾದ ಕೆನಡಾದ ‘ಡೇರ್’ ಅಧ್ಯಯನದಲ್ಲಿ ೨೫೧ ಮಂದಿ ಎರಡನೆಯ ಬಗೆಯ ಮಧುಮೇಹಿಗಳು ಭಾಗವಹಿಸಿದ್ದರು. ನಡಿಗೆಯಂತಹ ಶ್ರಮ ಮತ್ತು ಪ್ರತಿರೋಧ ವ್ಯಾಯಾಮ ಎರಡೂ ಪ್ರತ್ಯೇಕವಾಗಿ ಸಕ್ಕರೆಯ ನಿಯಂತ್ರಣವನ್ನು ಸುಧಾರಿಸಿದವು. ಎರಡನ್ನೂ ಮಾಡಿದವರಲ್ಲಿ ಸುಧಾರಣೆ ಇನ್ನೂ ಹೆಚ್ಚಾಗಿತ್ತು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ಸೇವಿಸುವವರು ವ್ಯಾಯಾಮದ ವೇಳೆ ಸಕ್ಕರೆ ತೀರ ಕುಸಿಯದಂತೆ ನೋಡಿಕೊಳ್ಳಬೇಕು. ಮಧುಮೇಹದಿಂದ ಕಣ್ಣಿನ ಅಕ್ಷಿಪಟಲಕ್ಕೆ ತೀವ್ರ ಹಾನಿಯಾದವರು ಉಸಿರು ಬಿಗಿಹಿಡಿದು ಭಾರ ಎತ್ತಬಾರದು.

ಮಂಡಿಯ ಸಂಧಿವಾತ: ನೋವಿನ ಭಯದಿಂದ ಕಾಲನ್ನು ಬಳಸದಿದ್ದರೆ ತೊಡೆಯ ಸ್ನಾಯು ಸೊರಗುತ್ತದೆ, ಆಗ ಕೀಲಿನ ಮೇಲಿನ ಹೊರೆ ಇನ್ನಷ್ಟು ಹೆಚ್ಚುತ್ತದೆ. ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವುದು ಇದರ ಪ್ರಧಾನ ಚಿಕಿತ್ಸೆಗಳಲ್ಲೊಂದು.

ಹೃದಯರೋಗ: ಸ್ಥಿತಿ ಸ್ಥಿರವಾದ ಬಳಿಕ, ವೈದ್ಯರ ಅನುಮತಿ ಪಡೆದು ಹಗುರ ಪ್ರತಿರೋಧದಿಂದ ಆರಂಭಿಸಲಾಗುತ್ತದೆ. ಎದೆಮೂಳೆಯನ್ನು ಸೀಳಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮೂಳೆ ಕೂಡಿಕೊಳ್ಳುವವರೆಗೆ, ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವಾರ, ತೋಳುಗಳಿಂದ ಭಾರ ಎತ್ತಬಾರದು.

ಸ್ತನ ಕ್ಯಾನ್ಸರ್: ಶಸ್ತ್ರಚಿಕಿತ್ಸೆಯ ಬಳಿಕ ತೋಳು ಊದಿಕೊಳ್ಳುವ ಭಯದಿಂದ, ಆ ಕೈಯಲ್ಲಿ ಏನನ್ನೂ ಎತ್ತಬಾರದೆಂದು ಹಿಂದೆ ಹೇಳಲಾಗುತ್ತಿತ್ತು. ೨೦೦೯ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತೋಳಿನ ಊತವಿದ್ದ ೧೪೧ ಮಹಿಳೆಯರ ಪೈಕಿ ನಿಧಾನವಾಗಿ ಏರಿಸಿದ ಭಾರವನ್ನು ಎತ್ತಿದವರಲ್ಲಿ ಊತ ಹೆಚ್ಚಲಿಲ್ಲ, ಉಲ್ಬಣಗೊಂಡ ಪ್ರಸಂಗಗಳೂ ಕಡಿಮೆಯಾಗಿದ್ದವು.

ಪಾರ್ಶ್ವವಾಯು ಮತ್ತು ಮೂಳೆಸವೆತ: ಪಾರ್ಶ್ವವಾಯುವಿನ ಬಳಿಕ ಬಲದ ತರಬೇತಿಯಿಂದ ಸ್ನಾಯುಗಳ ಬಿಗಿತ ಹೆಚ್ಚುವುದೆಂಬ ಹಳೆಯ ಆತಂಕಕ್ಕೆ ಪುರಾವೆ ದೊರೆತಿಲ್ಲ. ಮೂಳೆ ಸವೆದವರು ಬೆನ್ನನ್ನು ಮುಂದಕ್ಕೆ ಬಾಗಿಸಿ ಭಾರ ಎತ್ತುವುದನ್ನು ತ್ಯಜಿಸಬೇಕು.

ರೋಗಿಗಳ ಅಭ್ಯಾಸಕ್ರಮವನ್ನು ಭೌತಚಿಕಿತ್ಸಕರು ನಿರ್ಧರಿಸುವುದು ಯುಕ್ತ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಂತಹ ದೊಡ್ಡ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಅವರ ಸೇವೆ ದೊರೆಯುತ್ತದೆ.

ಆಹಾರ

ಸ್ನಾಯುವಿನ ಬೆಳವಣಿಗೆಗೆ ಪ್ರೋಟೀನ್ ಅಗತ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೨೦ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ ೦.೮೩ ಗ್ರಾಂ ಪ್ರೋಟೀನ್ ಬೇಕು. ಹಿರಿಯರಿಗೆ ೧ರಿಂದ ೧.೨ ಗ್ರಾಂ ಸೂಕ್ತವೆಂದು ಹಲವು ತಜ್ಞರ ಅಭಿಪ್ರಾಯ. ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರು ಹೇಳಿದ ಮಿತಿಯನ್ನೇ ಪಾಲಿಸಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು ೭ ಗ್ರಾಂ, ಹುರುಳಿಕಾಳಿನಲ್ಲಿ ಸುಮಾರು ೨೨ ಗ್ರಾಂ ಪ್ರೋಟೀನ್ ಇದೆ. ಮುದ್ದೆಯ ಜೊತೆಗೆ ತಿಳಿಸಾರಿಗಿಂತ ಕಾಳಿನ ಸಾರು ಲೇಸು. ಸಾರಿನೊಡನೆ ಬೇಯಿಸಿದ ಕಾಳನ್ನೂ ತಿನ್ನಬೇಕು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳನ್ನು ಅವರವರ ರೂಢಿಗೆ ತಕ್ಕಂತೆ ಸೇರಿಸಿಕೊಳ್ಳಬಹುದು. ಬಹುಪಾಲು ಜನರಿಗೆ ಡಬ್ಬಿಯ ಪ್ರೋಟೀನ್ ಪುಡಿ ಅನಿವಾರ್ಯವಲ್ಲ.

ಸುರಕ್ಷತೆ

ಚಿತ್ರನಟ ಪುನೀತ್ ರಾಜ್‌ಕುಮಾರ್ ೨೦೨೧ರ ಅಕ್ಟೋಬರ್ ೨೯ರಂದು ೪೬ನೆಯ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ನಿಧನರಾದರು. ಅಂದು ಬೆಳಿಗ್ಗೆ ಅವರು ವ್ಯಾಯಾಮ ಮಾಡಿದ್ದರೆಂಬ ಸುದ್ದಿ ಹರಡಿ, ಜಿಮ್‌ಗಳ ಬಗೆಗೆ ರಾಜ್ಯದಾದ್ಯಂತ ಆತಂಕ ಉಂಟಾಯಿತು. ಹೃದಯ ತಪಾಸಣೆಗಾಗಿ ಜಯದೇವ ಹೃದ್ರೋಗ ಸಂಸ್ಥೆಗೆ ಬರುವವರ ಸಂಖ್ಯೆ ಏರಿತು. ಒಂದು ಸಾವಿನಿಂದ ವ್ಯಾಯಾಮವೇ ಅಪಾಯವೆಂದು ತೀರ್ಮಾನಿಸಲಾಗದು. ತೀವ್ರ ಶ್ರಮದ ವೇಳೆಯಲ್ಲಿ ಹೃದಯಾಘಾತದ ಸಾಧ್ಯತೆ ತಾತ್ಕಾಲಿಕವಾಗಿ ಹೆಚ್ಚುವುದು ನಿಜ, ಆದರೆ ನಿಯಮಿತವಾಗಿ ವ್ಯಾಯಾಮ ಮಾಡುವವರಲ್ಲಿ ಈ ಹೆಚ್ಚಳ ಬಹಳ ಕಡಿಮೆ. ಅಭ್ಯಾಸವಿಲ್ಲದವರು ಏಕಾಏಕಿ ತೀವ್ರ ಶ್ರಮಕ್ಕೆ ಇಳಿಯುವುದೇ ಹೆಚ್ಚು ಅಪಾಯಕರ.

ಪಾಲಿಸಬೇಕಾದ ಮುಖ್ಯ ಎಚ್ಚರಿಕೆಗಳು ಇಂತಿವೆ. ಹೃದಯರೋಗ, ಅಧಿಕ ರಕ್ತದೊತ್ತಡ, ಮಧುಮೇಹ ಅಥವಾ ಕುಟುಂಬದಲ್ಲಿ ಎಳೆಯ ವಯಸ್ಸಿನ ಹೃದಯಾಘಾತದ ಇತಿಹಾಸ ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಎತ್ತುವಾಗ ಉಸಿರನ್ನು ಬಿಡಬೇಕು, ಇಳಿಸುವಾಗ ಒಳಗೆಳೆದುಕೊಳ್ಳಬೇಕು. ಉಸಿರು ಹಿಡಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ಜ್ವರವಿರುವಾಗ ವ್ಯಾಯಾಮ ಸಲ್ಲದು. ಸ್ನಾಯುವಿನ ಸಾಮಾನ್ಯ ನೋವು ಒಂದೆರಡು ದಿನಗಳಲ್ಲಿ ಕಡಿಮೆಯಾಗತೊಡಗುತ್ತದೆ. ಕೀಲಿನಲ್ಲಿ ಚುಚ್ಚುವ ನೋವು ಬಂದರೆ ನಿಲ್ಲಿಸಬೇಕು. ಎದೆ ಹಿಂಡಿದಂತಾಗುವುದು, ದವಡೆಗೆ ಅಥವಾ ಎಡತೋಳಿಗೆ ಹರಡುವ ನೋವು, ತಲೆಸುತ್ತು, ಅಸಹಜ ಏದುಸಿರು ಕಂಡರೆ ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ವೈದ್ಯರ ಸಲಹೆಯಿಲ್ಲದೆ ಸ್ಟೀರಾಯ್ಡ್ ಸೇವಿಸುವುದರಿಂದ ಹೃದಯ ಮತ್ತು ಯಕೃತ್ತಿಗೆ ಹಾನಿಯಾಗುತ್ತದೆ.

ತಪ್ಪು ಕಲ್ಪನೆಗಳು

ಭಾರ ಎತ್ತಿದರೆ ಹೆಂಗಸರ ಮೈ ಗಂಡಸರಂತಾಗುತ್ತದೆ ಎಂಬುದು ನಿರಾಧಾರ. ಮಹಿಳೆಯರಲ್ಲಿ ಟೆಸ್ಟೊಸ್ಟೆರಾನ್ ಹಾರ್ಮೋನಿನ ಪ್ರಮಾಣ ಬಹಳ ಕಡಿಮೆ. ಋತುಬಂಧದ ಅನಂತರ ಮೂಳೆ ವೇಗವಾಗಿ ಸವೆಯುವುದರಿಂದ ಅವರಿಗೆ ಈ ವ್ಯಾಯಾಮದ ಅಗತ್ಯ ಇನ್ನೂ ಹೆಚ್ಚು.

ವ್ಯಾಯಾಮ ನಿಲ್ಲಿಸಿದರೆ ಸ್ನಾಯು ಕೊಬ್ಬಾಗಿ ಬದಲಾಗುತ್ತದೆ ಎಂಬುದೂ ಸರಿಯಲ್ಲ. ಅವೆರಡೂ ಬೇರೆ ಬೇರೆ ಅಂಗಾಂಶಗಳು. ಶ್ರಮ ನಿಂತು ಆಹಾರ ಮೊದಲಿನಂತೆಯೇ ಮುಂದುವರಿದರೆ ಸ್ನಾಯು ಕುಗ್ಗುತ್ತದೆ, ಕೊಬ್ಬು ಕೂಡುತ್ತದೆ.

ಬೆಳಗಿನ ನಡಿಗೆಯೊಂದೇ ಸಾಕೆಂಬ ನಂಬಿಕೆ ಹಿರಿಯರಲ್ಲಿ ವ್ಯಾಪಕವಾಗಿದೆ. ನಡಿಗೆಯು ಹೃದಯಕ್ಕೂ ಶ್ವಾಸಕೋಶಕ್ಕೂ ಹಿತಕರ. ಆದರೆ ನಡೆಯಲು ರೂಢಿಯಾದವರ ತೊಡೆ, ಬೆನ್ನು, ತೋಳುಗಳಿಗೆ ಅದರಿಂದ ಹೆಚ್ಚಿನ ಭಾರ ಬೀಳುವುದಿಲ್ಲ. ದಿನವೂ ಉದ್ಯಾನವನ್ನು ಸುತ್ತುವವರಿಗೂ ನೆಲದಿಂದ ಏಳಲು ಕಷ್ಟವಾಗುವುದುಂಟು. ನಡಿಗೆಯ ಕೊನೆಗೆ ಕಲ್ಲುಬೆಂಚಿನಿಂದ ಕೈಯೂರದೆ ಹತ್ತು ಬಾರಿ ಎದ್ದು ಕೂರುವ ಅಭ್ಯಾಸವನ್ನು ಸೇರಿಸುವುದು ಈ ಕೊರತೆಯನ್ನು ತುಂಬುವ ಸುಲಭವಾದ ಮೊದಲ ಹೆಜ್ಜೆ.